ಮೂರರಿಂದ ಕಳೆಯಿರಿ, ಮೂರರಿಂದ ಭಾಗಿಸಿ

ನಾನು ಗಣಿತ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೇನೆ. ಹುಚ್ಚು ಮಾತ್ರ ಭಾಷೆಗಳದ್ದು. ತಮಿಳು ಅಷ್ಟಿಷ್ಟು ಬರುತ್ತದೆ, ಎರಡು ವರ್ಷದಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ‘ಲೆಕ್ಕದ ಟೀಚರಿಗೆ ಇದೆಲ್ಲ ಯಾಕೆ?’ ಅಂತ ಕೇಳಿದವರಿಗೆ ಸುಮ್ನೆ ನಕ್ಕು ಸಾಗಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ, ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಅಭ್ಯಾಸ ಪಾಠದ ಎರಡನೇ ವಾರ. ಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ಹನ್ನೆರಡರಿಂದ ಮೂರನ್ನು ಕಳೆಯಿರಿ’, ‘ಮೂರರಿಂದ ಹನ್ನೆರಡನ್ನು ಭಾಗಿಸಿ’. ಮೊದಲನೆಯದು ಎಲ್ಲರದ್ದೂ ಸರಿ. ಎರಡನೆಯದಕ್ಕೆ ತುಂಬಾ ಮಕ್ಕಳು 12 ÷ 3 ಬದಲು 3 ÷ 12 ಅಂತ ಬರೆದಿದ್ದರು. ಒಬ್ಬಳಂತೂ ಅದನ್ನು ಸಂಕ್ಷೇಪಿಸಿ, ಕೆಳಗೆ ಎರಡು ಗೆರೆ ಎಳೆದು, 1/4 ಅಂತ ಅಚ್ಚುಕಟ್ಟಾಗಿ ಉತ್ತರ ಕೊಟ್ಟಿದ್ದಳು. ಲೆಕ್ಕ ಮಾಡಿದ್ದರಲ್ಲಿ ಒಂದು ತಪ್ಪೂ ಇಲ್ಲ! ‘ಗಮನವಿಟ್ಟು ಓದಿ’ ಎಂದೆ. ಅವರು ಗಮನವಿಟ್ಟೇ ಓದಿದ್ದರು ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಅದು ಹೊಳೆದದ್ದು ಫ್ರೆಂಚ್ ಪುಸ್ತಕದ ಮುಂದೆ. ಫ್ರೆಂಚಿನಲ್ಲಿ ಮೂರರಿಂದ ಭಾಗಿಸುವಾಗ ‘ಪಾರ್’ ಬರುತ್ತದೆ, ಹನ್ನೆರಡರಿಂದ ಕಳೆಯುವಾಗ ‘ದ’ ಬರುತ್ತದೆ. ಎರಡು ಕೆಲಸ, ಎರಡು ಪದ. ತಮಿಳಿನಲ್ಲೂ ಹಾಗೆಯೇ: ಭಾಗಾಕಾರಕ್ಕೆ ‘ಆಲ್’, ಕಳೆಯುವುದಕ್ಕೆ ‘ಇಲಿರುಂದು’. ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ‘ಇಂದ’. ‘ಮರದಿಂದ ಬಿದ್ದ’ ಅಂದರೂ ಇಂದ, ‘ಚಾಕುವಿನಿಂದ ಕೊಯ್ದ’ ಅಂದರೂ ಇಂದ. ಶಾಲೆಯ ವ್ಯಾಕರಣದಲ್ಲಿ ತೃತೀಯಾಕ್ಕೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಅಂತ ಬಾಯಿಪಾಠ ಮಾಡಿದ್ದೆವಲ್ಲ, ದೆಸೆಯಿಂದ ಅಂತ ಯಾರು ಮಾತಾಡುತ್ತಾರೆ? ಮಕ್ಕಳು ಕಳೆಯುವ ಲೆಕ್ಕದಲ್ಲಿ ‘ಇಂದ ಇರುವ ಸಂಖ್ಯೆ ಮೊದಲು’ ಅಂತ ತಾವೇ ಒಂದು ನಿಯಮ ಕಂಡುಕೊಂಡಿದ್ದರು. ಅದನ್ನೇ ಭಾಗಾಕಾರಕ್ಕೂ ಹಚ್ಚಿದ್ದರು. ಹೊಸ ಭಾಷೆ ಕಲಿಯುವಾಗ ನಾನು ದಿನಾ ಮಾಡುವ ತಪ್ಪೂ ಇದೇ ಜಾತಿಯದ್ದು.

ಈ ಖುಷಿಯಲ್ಲಿ ಮುಂದಿನ ಪಾಠವನ್ನು ಕೆಡಿಸಿಕೊಂಡೆ. ಫ್ರೆಂಚರು 97ಕ್ಕೆ ‘ನಾಲ್ಕಿಪ್ಪತ್ತು ಹತ್ತು ಏಳು’ ಅನ್ನುತ್ತಾರೆ, ಅಂದರೆ 4 × 20 + 10 + 7. ನಾನು ಅದನ್ನು ಕೇಳಿ ಬರೆಯಲು ಹೋಗಿ ಮೊದಲು 4 ಗೀಚಿ, ಹೊಡೆದುಹಾಕಿ, 80 ಬರೆದು, ಅದನ್ನೂ ಹೊಡೆದುಹಾಕಿದ ಕಥೆ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬೆಲ್ಲೂ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಾರ್ಗದರ್ಶಕರು ನನ್ನ ಪಾಠ ಯೋಜನೆಯ ಅಂಚಿನಲ್ಲಿ ಬರೆದಿದ್ದರು: ‘ಪಾಠ ಚೆನ್ನಾಗಿತ್ತು. ಗಣಿತ ಎಲ್ಲಿ?’

ಆಮೇಲೆ ಬೇರೆ ಭಾಷೆಯನ್ನು ತರಗತಿಗೆ ತರುವುದು ಬಿಟ್ಟೆ. ಅದು ನನ್ನ ತಯಾರಿಗೆ ಸಾಕು. ಮಕ್ಕಳಿಗೆ ಬೇಕಾದದ್ದು ಕನ್ನಡದ ವಾಕ್ಯವನ್ನೇ ಬಿಡಿಸಿ ನೋಡುವುದು. ಈಗ ಮೊದಲು ‘ಇಂದ’ಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಸುತ್ತೇನೆ. ಆಮೇಲೆ ಒಂದೇ ಪ್ರಶ್ನೆ: ‘ಇದರೊಳಗಿಂದ ತೆಗೆಯುವುದಾ, ಇದರ ಲೆಕ್ಕದಲ್ಲಿ ಹಂಚುವುದಾ?’ ಕನ್ನಡದಲ್ಲಿ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ, ಪ್ರತ್ಯಯ ಕಾಯುತ್ತದೆ. ಗಣಿತದಲ್ಲಿ ಪ್ರತ್ಯಯ ಇಲ್ಲ, ಇರುವುದು ಜಾಗ ಮಾತ್ರ. ಹಾಗಾಗಿ ಬರೆಯುವ ಮುಂಚೆ ಯಾವ ಸಂಖ್ಯೆ ಎಲ್ಲಿ ಕೂರಬೇಕು ಅಂತ ಬಾಯಲ್ಲಿ ಹೇಳಿಸುತ್ತೇನೆ.

ಭಿನ್ನರಾಶಿಗೂ ಇದೇ ಉಪಾಯ. ‘ಐದನೇ ಮೂರು’ ಅಂದರೆ ಕಿವಿಗೆ ಐದು ಮೊದಲು ಬೀಳುತ್ತದೆ, ಕೈ ಅದನ್ನು ಮೇಲೆ ಬರೆದುಬಿಡುತ್ತದೆ. ಮೊದಲು ಗೆರೆ ಎಳೆದು, ಕೆಳಗೆ 5 ಬರೆದು, ಆಮೇಲೆ ಮೇಲೆ 3 ಬರೆಯಿರಿ ಎಂದೆ. ಕೇಳಿದ ಕ್ರಮದಲ್ಲೇ ಬರೆದ ಹಾಗಾಯಿತು. ಗೊಂದಲ ಪೂರ್ತಿ ಹೋಗಿಲ್ಲ, ಆದರೆ ಬಹಳಷ್ಟು ಕಡಿಮೆಯಾಗಿದೆ.

1/4 ಬರೆದಿದ್ದ ಹುಡುಗಿ ಮೊನ್ನೆ ‘ನಾಲ್ಕರಿಂದ ಐದನ್ನು ಗುಣಿಸಿ’ ಎಂಬಲ್ಲಿ ‘ಇಂದ’ಕ್ಕೆ ಗೆರೆ ಹಾಕಿ, ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ ಕೇಳಿದಳು: ‘ಮಿಸ್, ಇಲ್ಲಿ ಯಾರು ಎಲ್ಲಿ ಕೂತರೂ ನಡೆಯುತ್ತೆ ಅಲ್ವಾ?’