ಭಾರದ, ಒಡೆಯುವ ಸರಕಿಗೆ ಸಾಗಣೆದಾರರನ್ನು ಆರಿಸುವುದು ಹೇಗೆ

ಸರಕಿಗೆ ಹೆಚ್ಚಿನ ಪೆಟ್ಟು ಬೀಳುವುದು ಅದನ್ನು ಏರಿಸಿ ಇಳಿಸುವ ಹೊತ್ತಿನಲ್ಲಿ. ಆದ್ದರಿಂದ ದರ ಕೇಳುವ ಮೊದಲು, ಹೊರಟಲ್ಲಿಂದ ತಲುಪುವವರೆಗೆ ಪೆಟ್ಟಿಗೆ ಎಷ್ಟು ಗೋದಾಮುಗಳಲ್ಲಿ ಇಳಿಯುತ್ತದೆ, ಎಷ್ಟು ವಾಹನ ಬದಲಿಸುತ್ತದೆ ಎಂದು ವಿಚಾರಿಸಬೇಕು. ಸಾಮಾನ್ಯ ಪಾರ್ಸೆಲ್ ಸೇವೆಗಳಲ್ಲಿ ವಿಂಗಡಣೆ ಬಹುಪಾಲು ಕನ್ವೇಯರ್ ಬೆಲ್ಟ್ ಮೇಲೆ ನಡೆಯುತ್ತದೆ; ಪೆಟ್ಟಿಗೆಗೆ ಅಂಟಿಸಿದ ‘ಎಚ್ಚರಿಕೆ, ಗಾಜು’ ಚೀಟಿಯನ್ನು ಬೆಲ್ಟ್ ಓದುವುದಿಲ್ಲ. ದೊಡ್ಡ ಕನ್ನಡಿ, ಅಮೃತಶಿಲೆಯ ಮೇಜು, ಪಿಯಾನೋದಂಥವುಗಳಿಗೆ ನಡುವೆ ಎಲ್ಲೂ ಇಳಿಸದೆ ನೇರವಾಗಿ ಒಯ್ಯುವ ವಾಹನ ದುಬಾರಿಯಾದರೂ ಮೇಲು.

ಭಾರದ ವಿಷಯದಲ್ಲಿ ಎರಡು ಸಂಗತಿಗಳನ್ನು ಮೊದಲೇ ಖಚಿತಪಡಿಸಿಕೊಳ್ಳಿ. ವಾಹನಕ್ಕೆ ಸರಕನ್ನು ನೆಲಕ್ಕಿಳಿಸುವ ಲಿಫ್ಟ್ ಇದೆಯೇ ಎಂಬುದು ಒಂದು. ‘ಮನೆ ಬಾಗಿಲಿಗೆ’ ಎಂದರೆ ಒಳಕೋಣೆಯವರೆಗೋ, ರಸ್ತೆಯಂಚಿನವರೆಗೋ ಎಂಬುದು ಇನ್ನೊಂದು. ಮೆಟ್ಟಿಲು ಎಷ್ಟಿವೆ, ಬಾಗಿಲು ಎಷ್ಟು ಅಗಲವಿದೆ ಎಂದು ತಾವಾಗಿಯೇ ಕೇಳುವ ಸಾಗಣೆದಾರರ ಮೇಲೆ ನನಗೆ ನಂಬಿಕೆ ಹೆಚ್ಚು. ಏನು ಕೇಳಿದರೂ ‘ಏನೂ ಆಗಲ್ಲ, ನಾವು ನೋಡ್ಕೋತೀವಿ’ ಎಂದಷ್ಟೇ ಹೇಳುವವರಿಂದ ಲಿಖಿತ ಉತ್ತರ ಪಡೆಯುವುದು ಕ್ಷೇಮ.

ದರಪಟ್ಟಿಗಳನ್ನು ಹೋಲಿಸುವಾಗ ಗಾತ್ರದ ತೂಕವನ್ನೂ ಲೆಕ್ಕ ಹಾಕಬೇಕು. ಅನೇಕ ಕೊರಿಯರ್ ಸಂಸ್ಥೆಗಳು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ; ಹಾಗೆ ಬಂದ ಕಿಲೊ ಲೆಕ್ಕ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ ಹಾಕುತ್ತವೆ. ಆ ಲೆಕ್ಕದಲ್ಲಿ 100, 60, 50 ಸೆಂಟಿಮೀಟರ್ ಅಳತೆಯ ಪೆಟ್ಟಿಗೆ ತಕ್ಕಡಿಯಲ್ಲಿ 18 ಕಿಲೊ ತೂಗಿದರೂ ಹಣ ಕೊಡಬೇಕಾದದ್ದು 60 ಕಿಲೊಗೆ.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು ಪರಿಹಾರದ ವಿಷಯದಲ್ಲಿ. ಸಾಗಣೆದಾರರ ಹೊಣೆಗಾರಿಕೆ ಬೇರೆ, ವಿಮೆ ಬೇರೆ. ಹೊಣೆಗಾರಿಕೆಯ ಮಿತಿಯನ್ನು ಹಲವೆಡೆ ವಸ್ತುವಿನ ಬೆಲೆಯ ಬದಲು ತೂಕದ ಮೇಲೆ ಕಟ್ಟಲಾಗುತ್ತದೆ. ಅಂತರರಾಷ್ಟ್ರೀಯ ವಿಮಾನ ಸರಕಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, 2024ರ ಡಿಸೆಂಬರ್ 28ರಿಂದ ಆ ಮಿತಿ ಕಿಲೊ ಒಂದಕ್ಕೆ 26 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. ಪ್ಯಾಕಿಂಗ್ ಸೇರಿ ನಾಲ್ಕು ಕಿಲೊ ತೂಗುವ ಪಿಂಗಾಣಿ ಹೂದಾನಿ, ಅದೆಷ್ಟೇ ಬೆಲೆಬಾಳಲಿ, ಚೂರಾದರೆ ದೊರೆಯುವುದು ಹೆಚ್ಚೆಂದರೆ 104 ಎಸ್‌ಡಿಆರ್. ಕಳುಹಿಸುವಾಗಲೇ ಮೌಲ್ಯವನ್ನು ವಿಶೇಷವಾಗಿ ಘೋಷಿಸಿ, ಅದಕ್ಕೆ ಕೇಳಿದ ಹೆಚ್ಚುವರಿ ಶುಲ್ಕ ಕಟ್ಟಿದರೆ ಮಾತ್ರ ಈ ಮಿತಿ ಏರುತ್ತದೆ. ಪ್ರತ್ಯೇಕ ವಿಮೆ ಮಾಡಿಸುವುದಾದರೆ ಹೊರಗಿಟ್ಟ ವಸ್ತುಗಳ ಪಟ್ಟಿಯನ್ನು ಮೊದಲು ಓದಿ. ಗಾಜು, ಪಿಂಗಾಣಿ, ಕಲಾಕೃತಿಗಳು ಅಲ್ಲಿ ಕಾಣಿಸಿಕೊಳ್ಳುವುದು ಅಪರೂಪವಲ್ಲ.

ಪ್ಯಾಕಿಂಗ್ ಯಾರದು ಎಂಬುದೂ ಇದಕ್ಕೇ ಅಂಟಿಕೊಂಡ ಪ್ರಶ್ನೆ. ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ವಸ್ತು ಒಡೆದರೆ ‘ಪ್ಯಾಕಿಂಗ್ ಸಾಲದು’ ಎಂಬ ಕಾರಣಕ್ಕೆ ಪರಿಹಾರ ನಿರಾಕರಿಸಲು ಅವಕಾಶವಿರುತ್ತದೆ. ಬೆಲೆಬಾಳುವ ವಸ್ತುವಾದರೆ, ಅಳತೆಗೆ ತಕ್ಕ ಮರದ ಪೆಟ್ಟಿಗೆ ಮಾಡಿ ತಾವೇ ಪ್ಯಾಕ್ ಮಾಡುವವರನ್ನು ಹುಡುಕಿ. ಗಾಜಿನ ಹಲಗೆಗಳನ್ನು ಮಲಗಿಸದೆ ನಿಲ್ಲಿಸಿ ಒಯ್ಯುತ್ತಾರೆಯೇ ಎಂದು ಕೇಳಿದರೆ ಅವರಿಗೆ ಕೆಲಸ ಎಷ್ಟು ಗೊತ್ತಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಸರಕು ತಲುಪಿದಾಗ ಬಿಚ್ಚಿ ನೋಡಿ ಸಹಿ ಹಾಕಲು ಸಮಯ ಕೊಡುತ್ತಾರೆಯೇ ಎಂಬುದನ್ನೂ ಒಪ್ಪಂದದ ಹೊತ್ತಿಗೇ ಕೇಳಿಟ್ಟುಕೊಳ್ಳಿ. ಮೂಲೆ ಜಜ್ಜಿದ್ದರೆ ಅದನ್ನು ರಸೀದಿಯ ಮೇಲೆಯೇ ಬರೆದು ಸಹಿ ಮಾಡಬೇಕು. ಮೇಲೆ ಹೇಳಿದ ಮಾಂಟ್ರಿಯಲ್ ಒಪ್ಪಂದದಡಿ ಹಾನಿಯ ಲಿಖಿತ ದೂರಿಗೆ ಸರಕು ಕೈಸೇರಿದ ದಿನದಿಂದ 14 ದಿನಗಳ ಗಡುವಿದೆ. ಬೇರೆ ಸಾಗಣೆಗಳಲ್ಲಿ ಗಡುವು ಇನ್ನೂ ಚಿಕ್ಕದಿರಬಹುದು. ದೂರು ಇತ್ಯರ್ಥವಾಗುವವರೆಗೆ ಒಡೆದ ಚೂರುಗಳನ್ನೂ ಪೆಟ್ಟಿಗೆಯನ್ನೂ ಎಸೆಯಬೇಡಿ.