ಯುರೋಪಿಗೆ ಹೋಗುವ ಕಾಫಿ: ತೋಟದ ಗಡಿ ಗುರುತಿಸುವುದು ಹೇಗೆ

2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿಯನ್ನು ಯುರೋಪಿಯನ್ ಒಕ್ಕೂಟದಲ್ಲಿ ಮಾರುವಂತಿಲ್ಲ. 2023ರ ಈ ಕಾನೂನಿನ ಗಡುವು ಎರಡು ಸಲ ಮುಂದೆ ಹೋಗಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ, ಸಣ್ಣವಕ್ಕೆ 2027ರ ಜೂನ್ 30ಕ್ಕೆ ಬಂದಿದೆ. ಹೊಣೆ ಅಲ್ಲಿನ ಆಮದುದಾರನದು. ಆದರೆ ಅವನು ಕೇಳುವ ಮಾಹಿತಿ, ಅಂದರೆ ಕಾಫಿ ಬೆಳೆದ ತೋಟ ಎಲ್ಲಿದೆ ಎಂಬುದು, ಇಲ್ಲಿನ ಬೆಳೆಗಾರರ ಬಳಿ ಇದೆ. ವ್ಯಾಪಾರಿ ಬಂದು ಅಳೆಯಲಿ ಎಂದು ಕಾಯಬೇಡಿ. ನಕ್ಷೆ ಅವರ ಬಳಿ ಮಾತ್ರ ಉಳಿದರೆ, ಇನ್ನೊಬ್ಬರಿಗೆ ಮಾರುವಾಗ ಮತ್ತೆ ಮೊದಲಿನಿಂದ ಅಳೆಸಬೇಕಾಗುತ್ತದೆ.

ಮೊದಲು ಪಹಣಿ ತೆಗೆದು ಸರ್ವೆ ನಂಬರು, ಹಿಸ್ಸಾ ನೋಡಿಕೊಳ್ಳಿ. ಬೇರೆ ಬೇರೆ ಕಡೆ ಇರುವ ತುಂಡುಗಳಿಗೆ ಬೇರೆ ಬೇರೆ ಗುರುತು ಬೇಕು. ತುಂಡು 4 ಹೆಕ್ಟೇರಿಗಿಂತ (ಸುಮಾರು 10 ಎಕರೆ) ದೊಡ್ಡದಾದರೆ ಸುತ್ತಲ ಗಡಿಯನ್ನೇ ಕೊಡಬೇಕು, ಇಲ್ಲದಿದ್ದರೆ ಒಂದೇ ಬಿಂದು ಸಾಕು. ಆದರೂ ಸಣ್ಣ ತೋಟದವರೂ ಪೂರ್ತಿ ಗಡಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು: ಪಕ್ಕದಲ್ಲಿ ಮೀಸಲು ಅರಣ್ಯವಿದ್ದಾಗ ಒಂದು ಬಿಂದು ಏನನ್ನೂ ಸಾಬೀತು ಮಾಡುವುದಿಲ್ಲ. ಒತ್ತುವರಿ ಜಾಗವನ್ನು ಗಡಿಯೊಳಗೆ ಎಳೆದುಕೊಳ್ಳಬೇಡಿ. ಭೂಮಿಯ ಹಕ್ಕು ನಮ್ಮ ದೇಶದ ಕಾನೂನಿನಂತೆ ಸರಿಯಿರಬೇಕೆಂಬ ಷರತ್ತೂ ಇದೆ.

ಗಡಿಯುದ್ದಕ್ಕೂ ನಡೆದು ಅಳೆಯಲು ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ) ಮುಗಿದ ನಂತರದ ದಿನಗಳು ಒಳ್ಳೆಯವು. ದಟ್ಟ ನೆರಳಿನಡಿ ಮೊಬೈಲಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ಹೋಗುತ್ತದೆ, ಗಡಿ ಪಕ್ಕದವರ ತೋಟದೊಳಗೆ ನುಗ್ಗುತ್ತದೆ. ಪ್ರತಿ ಮೂಲೆಯ ಗಡಿಕಲ್ಲಿನ ಬಳಿ ಒಂದೆರಡು ನಿಮಿಷ ನಿಂತು, ಅಂಕಿ ಕುಣಿಯುವುದು ನಿಂತ ಮೇಲೆ ಗುರುತು ಹಾಕಿ. ಬೇಲಿ ಬಿಟ್ಟು ಒಳದಾರಿ ಹಿಡಿಯಬೇಡಿ, ಗಡಿಯ ಗೆರೆ ತನ್ನನ್ನೇ ಅಡ್ಡ ದಾಟಿದರೆ ಆ ನಕ್ಷೆ ತಿರಸ್ಕೃತ. ಕೊನೆಯ ಬಿಂದು ಮೊದಲ ಬಿಂದುವೇ ಆಗಿರಬೇಕು.

ಹೆಚ್ಚು ತಪ್ಪಾಗುವುದು ಇದರ ನಂತರ, ಕಂಪ್ಯೂಟರಿನ ಮುಂದೆ. ಅಕ್ಷಾಂಶ, ರೇಖಾಂಶ ಎರಡಕ್ಕೂ ದಶಮಾಂಶದ ನಂತರ ಕನಿಷ್ಠ 6 ಅಂಕಿ ಬೇಕು. 75.724310 ಎಂದು ಬರೆದರೆ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 75.72431 ಮಾಡುತ್ತದೆ, ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಿಸಿ. ಜಿಯೋಜೇಸನ್ ಕಡತದಲ್ಲಿ (ಗಡಿಯ ಬಿಂದುಗಳನ್ನು ಕಂಪ್ಯೂಟರಿಗೆ ಕೊಡುವ ನಮೂನೆ) ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಚಿಕ್ಕಮಗಳೂರಿನ ತೋಟ ನಾರ್ವೆಗೂ ಉತ್ತರದ ಕಡಲಿನಲ್ಲಿ ಕಾಣಿಸುತ್ತದೆ. ಕಳಿಸುವ ಮುನ್ನ ಉಪಗ್ರಹ ನಕ್ಷೆಯ ಮೇಲೆ ತೆರೆದು, ನಿಮ್ಮ ಕಣ, ಕೆರೆ ಗಡಿಯೊಳಗೆ ಸರಿಯಾದ ಜಾಗದಲ್ಲಿವೆಯೇ ಎಂದು ಕಣ್ಣಾರೆ ನೋಡಿ.

ನಮ್ಮ ಕಡೆಯ ದೊಡ್ಡ ತೊಡಕು ನೆರಳು. ಸಿಲ್ವರ್ ಓಕ್, ಹಲಸು, ಅತ್ತಿಯ ಕೆಳಗಿನ ಕಾಫಿ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಈ ಕಾನೂನು ಮರದ ನೆರಳಿನ ಬೆಳೆಯನ್ನು ಕೃಷಿ ಎಂದೇ ಒಪ್ಪಿಕೊಂಡಿದೆ, ಕಾಡು ಎಂದಲ್ಲ. ಆದರೆ ಉಪಗ್ರಹಚಿತ್ರ ನೋಡಿ ಅನುಮಾನಿಸಿದವರಿಗೆ ದಾಖಲೆ ತೋರಿಸಬೇಕು. 2020 ಮತ್ತು ಅದಕ್ಕೂ ಹಿಂದಿನ ಪಹಣಿಯ ಬೆಳೆ ಕಾಲಂ, ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ರಸೀದಿ, ದಿನಾಂಕವಿರುವ ಹಳೆಯ ಫೋಟೋ ಒಂದೇ ಕಡತದಲ್ಲಿರಲಿ. ಪಹಣಿಯಲ್ಲಿ ಕಾಫಿ ನಮೂದಾಗಿಲ್ಲದಿದ್ದರೆ ಈಗಲೇ ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ.

ಇಷ್ಟೆಲ್ಲ ಮಾಡಿದರೂ ಮೂಟೆ ಬೆರೆತರೆ ವ್ಯರ್ಥ. ಗೊತ್ತಿಲ್ಲದ ತೋಟದ ಒಂದು ಮೂಟೆ ಸೇರಿದರೆ ಒಟ್ಟಿಗೆ ಕಳಿಸುವ ಇಡೀ ಲಾಟ್ ಕೆಡುತ್ತದೆ. ಇಷ್ಟು ಪಾಲು ಸರಿಯಿದೆ ಎಂದು ಲೆಕ್ಕ ತೋರಿಸಿ ಪಾರಾಗಲು ಇಲ್ಲಿ ಅವಕಾಶವಿಲ್ಲ. ಕಣದಲ್ಲೇ ತುಂಡುವಾರು ಒಣಗಿಸಿ, ಪ್ರತಿ ಮೂಟೆಗೆ ತುಂಡಿನ ಗುರುತು ಮತ್ತು ಕೊಯ್ಲಿನ ತಿಂಗಳು ಬರೆದ ಚೀಟಿ ಹೊಲಿಯಿರಿ. ಹತ್ತಾರು ಸಣ್ಣ ಬೆಳೆಗಾರರಿಂದ ಕೊಳ್ಳುವ ವ್ಯಾಪಾರಿ, ಹಲ್ಲಿಂಗ್‌ಗೆ (ಸಿಪ್ಪೆ ತೆಗೆಯಲು) ಹಾಕುವ ಮುಂಚೆ ಎಲ್ಲ ತೋಟಗಳ ಬಿಂದು ಕೈಸೇರಿದೆಯೇ ನೋಡಬೇಕು. ತೂಕವೂ ತಾಳೆಯಾಗಬೇಕು: ಎರಡೆಕರೆ ತೋಟದ ಹೆಸರಿನಲ್ಲಿ ಐದೆಕರೆಯ ಫಸಲು ಬಂದಿದ್ದರೆ ತಪಾಸಣೆ ಮಾಡುವವರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.