ಟಸ್ಕನಿಯ ಬಿಸಿಲಲ್ಲಿ ರೋಮಿನ ದಾರಿ ಹಿಡಿದು

ವಿಯಾ ಫ್ರಾಂಚಿಜೆನಾ ಅಂದರೆ ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ಹಳೆಯ ಯಾತ್ರಿಕರ ದಾರಿ. ಸುಮಾರು 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ (ಹಿರಿಯ ಕ್ರೈಸ್ತ ಧರ್ಮಗುರು) ಸಿಗೆರಿಕ್ ರೋಮಿನಿಂದ ಊರಿಗೆ ವಾಪಸ್ ಹೋಗುವಾಗಿನ 79 ತಂಗುದಾಣಗಳ ಪಟ್ಟಿ ಇನ್ನೂ ಉಳಿದಿದೆ. ನಾನು ನಡೆದದ್ದು ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಾನ್ ಮಿನಿಯಾಟೊದಿಂದ ಸಿಯೆನಾ ದಾಟಿ ರಾಡಿಕೋಫನಿವರೆಗೆ. ಜೂನ್ ತಿಂಗಳು, ಉರಿಬಿಸಿಲು.

ಈ ದಾರಿಯಲ್ಲಿ ಮೊದಲು ನೋಡಬೇಕಾದದ್ದು ನೀರು, ಆಮೇಲೆ ದೂರ. ಸಾನ್ ಮಿನಿಯಾಟೊದಿಂದ ಗಂಬಾಸಿ ತೆರ್ಮೆಗೆ ಸುಮಾರು 24 ಕಿ.ಮೀ. ಗುಡ್ಡದ ನೆತ್ತಿಯ ಮೇಲೇ ನಡಿಗೆ, ಎರಡೂ ಕಡೆ ಗೋಧಿ ಹೊಲ, ನೆರಳು ಇಲ್ಲವೇ ಇಲ್ಲ ಅನ್ನಬಹುದು. ಅಂಗಡಿಯನ್ನಂತೂ ನಂಬಬೇಡಿ. ಮೂರು ಲೀಟರ್ ನೀರು ಹೊತ್ತೆ, ಅಷ್ಟೂ ಬೇಕಾಯಿತು. ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನದೊಳಗೆ ಊರು ಸೇರುವುದು ನನ್ನ ಪದ್ಧತಿ. ಅಲ್ಲಿ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ಹಾಗಾಗಿ ನಾಳೆಯ ಬ್ರೆಡ್ಡು, ಹಣ್ಣು ಹಿಂದಿನ ಸಂಜೆಯೇ ಕೊಂಡಿಟ್ಟುಕೊಳ್ಳುತ್ತಿದ್ದೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಬೆವರು ಸುರಿಸಿ ನಡೆಯುವವರಿಗೆ ಉಪ್ಪು ಬೇಕೇ ಬೇಕು ಅಲ್ವಾ? ಟೊಮೆಟೊ ಹೆಚ್ಚಿ, ಜೊತೆಗಿದ್ದ ಪುಡಿ ಉಪ್ಪು ಉದುರಿಸಿ ತಿನ್ನುತ್ತಿದ್ದೆ. ರಾತ್ರಿಗೆ ಪೀಚಿ, ಅಂದರೆ ಕೈಯಲ್ಲಿ ಹೊಸೆದ ದಪ್ಪ ಪಾಸ್ತಾ. ಬೆಳ್ಳುಳ್ಳಿ ಟೊಮೆಟೊ ಸಾಸಿನದು ಕೇಳಿದರೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ.

ಕ್ರೆಡೆನ್ಜಿಯಾಲೆ ಎಂಬ ಯಾತ್ರಿಕರ ಪುಸ್ತಿಕೆ ಇಟ್ಟುಕೊಳ್ಳಿ. ಅದನ್ನು ತೋರಿಸಿದರೆ ಚರ್ಚುಗಳ ತಂಗುದಾಣಗಳಲ್ಲಿ ಹಾಸಿಗೆ ಸಿಗುತ್ತದೆ. ಕೆಲವು ಕಡೆ ದರವೇ ಇಲ್ಲ, ಕೈಲಾದಷ್ಟು ಕಾಣಿಕೆ ಹಾಕಬೇಕು. ಧಾರಾಳವಾಗಿ ಹಾಕಿ, ಆ ಜಾಗಗಳು ನಡೆಯುವುದೇ ಅದರಿಂದ.

ಸಾನ್ ಜಿಮಿನ್ಯಾನೊದ ಗೋಪುರಗಳೂ ಮೊಂಟೆರಿಜೋನಿಯ ಕೋಟೆಯೂ ಚೆಂದ, ಆದರೆ ಜನಜಂಗುಳಿ. ನನ್ನ ಮನಸ್ಸು ಗೆದ್ದದ್ದು ಸಿಯೆನಾ ಆಚೆಯ ಓರ್ಚಾ ಕಣಿವೆ. ಬಾನ್ಯೊ ವಿನ್ಯೋನಿ ಎಂಬ ಪುಟ್ಟ ಊರಿನ ಚೌಕದ ನಡುವೆ ಬಿಸಿನೀರಿನ ಕೊಳವಿದೆ. ಅದರಲ್ಲಿ ಇಳಿಯುವಂತಿಲ್ಲ. ಆದರೆ ಅದೇ ನೀರು ಹಳೆಯ ಗಿರಣಿಗಳ ಕಡೆ ಹರಿಯುವಲ್ಲಿ ಕಾಲು ಇಳಿಬಿಟ್ಟು ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ. ಆದರೂ ಜಾಸ್ತಿ ಹೊತ್ತು ಕೂರಬೇಡಿ. ರಾಡಿಕೋಫನಿಯ ಕೋಟೆ ದೂರದಿಂದಲೇ ಕಾಣುತ್ತದೆ, ಎಷ್ಟು ನಡೆದರೂ ಹತ್ತಿರವಾಗುವುದಿಲ್ಲ. ಊರು ಇರುವುದು ಸುಮಾರು 800 ಮೀಟರ್ ಎತ್ತರದಲ್ಲಿ, ಏರು ಬರುವುದು ಕಾಲು ಸೋತ ಮೇಲೆ.

ವ್ಯಾಟಿಕನ್‌ನಲ್ಲಿ ಯಾತ್ರೆಯ ಪ್ರಮಾಣಪತ್ರ ಬೇಕಿದ್ದರೆ ರೋಮಿಗೆ ಮುಂಚಿನ ಕೊನೆಯ 100 ಕಿ.ಮೀ. ನಡೆದಿರಬೇಕು. ಅದಕ್ಕೆ ವಿಟೆರ್ಬೊ ಎಂಬ ಊರಿನಿಂದ ಹೊರಡುವವರೇ ಜಾಸ್ತಿ. ಪತ್ರದ ಆಸೆ ಇಲ್ಲದಿದ್ದರೆ ಟಸ್ಕನಿಯನ್ನೇ ಆರಿಸಿಕೊಳ್ಳಿ. ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ, ಜೂನ್ ಬೇಡ.